ಕಾಲಿಗೆ ನೆಲ ಸಿಗುವಷ್ಟು ನೀರು

ಮಗಳ ಬಾಣಂತನಕ್ಕೋ ಮೊಮ್ಮಗನ ಹುಟ್ಟುಹಬ್ಬಕ್ಕೋ ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ಹಿರಿಯರು ಹಿಂದೆಲ್ಲ ನಯಾಗರ ನೋಡಿ, ಪಿಟ್ಸ್‌ಬರ್ಗಿನ ವೆಂಕಟೇಶ್ವರನಿಗೆ ಕೈಮುಗಿದು, ಸೂಟ್‌ಕೇಸಿನ ತುಂಬ ಚಾಕೊಲೇಟು ತುಂಬಿಕೊಂಡು ವಾಪಸಾಗುತ್ತಿದ್ದರು. ಈಗ ಆ ಪಟ್ಟಿಗೆ ಕ್ರೂಸ್ ಸೇರಿಕೊಂಡಿದೆ. ಮಯಾಮಿಯಲ್ಲೋ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲೋ ಹಡಗು ಹತ್ತಿದರೆ ಒಂದು ವಾರ ಕೆರಿಬಿಯನ್ ಸಮುದ್ರದಲ್ಲಿ ಸುತ್ತಾಟ. ಹಡಗಿನೊಳಗೆ ಇದ್ದಷ್ಟು ಹೊತ್ತು ಸಮುದ್ರದ ಮೇಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಲಿಫ್ಟು, ಬಫೆ, ರಾತ್ರಿ ಹಾಡು ಕುಣಿತ. ಸಮುದ್ರ ನಿಜವಾಗಿ ಎದುರಾಗುವುದು ಹಡಗು ಯಾವುದಾದರೂ ದ್ವೀಪದ ಮುಂದೆ ನಿಂತ ದಿನ. ಆ ದಿನಕ್ಕೆಂದು ಮಗ ಮೊದಲೇ ಫೋನಿನಲ್ಲಿ ಎಲ್ಲರ ಹೆಸರು ಬರೆಸಿ ದುಡ್ಡು ಕಟ್ಟಿರುತ್ತಾನೆ. ದೋಣಿಯಲ್ಲಿ ಹೋಗುವುದು, ಸ್ಟಿಂಗ್‌ರೇ ಮೀನುಗಳ ನಡುವೆ ನಿಲ್ಲುವುದು, ಆಮೇಲೆ ಮುಖ ನೀರಿಗಿಟ್ಟು ಕೊಳವೆಯಲ್ಲಿ ಉಸಿರಾಡುತ್ತ ತೇಲುವ ಸ್ನಾರ್ಕೆಲಿಂಗ್. ಟಿಕೆಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಈಜು ಬಾರದವರೂ ಬರಬಹುದು.

ನಾನಿವತ್ತು ಮಾತಾಡಬೇಕೆಂದಿರುವುದು ಆ ಸಾಲಿನ ಬಗ್ಗೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಂದೇ ಟಿಕೆಟ್ಟಿನಲ್ಲಿ ಎರಡು ಥರದ ನೀರು ಇರುತ್ತದೆ. ಒಂದರಲ್ಲಿ ನಿಲ್ಲಬಹುದು, ಇನ್ನೊಂದರಲ್ಲಿ ತೇಲಲೇಬೇಕು. ಈಜು ಬಾರದವರಿಗೆ ಈ ಎರಡರ ನಡುವಿನ ವ್ಯತ್ಯಾಸವೇ ಮುಖ್ಯ. ಟಿಕೆಟ್ ಮಾರುವವರು ಅದನ್ನು ಬಿಡಿಸಿ ಹೇಳುವುದು ಕಡಿಮೆ.

ಈ ಥರದ ಪ್ರವಾಸ ಎಲ್ಲಕ್ಕಿಂತ ಹೆಸರಾಗಿರುವುದು ಗ್ರ್ಯಾಂಡ್ ಕೇಮನ್‌ನಲ್ಲಿ. ಜಮೈಕಾದ ವಾಯವ್ಯಕ್ಕೆ, ಕ್ಯೂಬಾದ ದಕ್ಷಿಣಕ್ಕೆ ಇರುವ ಮೂರು ಪುಟ್ಟ ದ್ವೀಪಗಳಲ್ಲಿ ದೊಡ್ಡದು ಇದು. ಇವತ್ತಿಗೂ ಬ್ರಿಟನ್ನಿನ ಅಧೀನದಲ್ಲಿದೆ. ವಾಹನಗಳು ನಮ್ಮಲ್ಲಿಯ ಹಾಗೆ ಎಡಗಡೆಯೇ ಓಡುತ್ತವೆ, ಅದೊಂದು ಸಮಾಧಾನ. 1503ರಲ್ಲಿ ಕೊಲಂಬಸ್ ಈ ಕಡೆ ಹಾದುಹೋದಾಗ ಎಲ್ಲಿ ನೋಡಿದರೂ ಕಡಲಾಮೆಗಳಿದ್ದವಂತೆ. ರಾಜಧಾನಿ ಜಾರ್ಜ್ ಟೌನ್‌ನಲ್ಲಿ ದೊಡ್ಡ ಕ್ರೂಸ್ ಹಡಗು ಬಂದು ಒರಗಿ ನಿಲ್ಲುವ ಕಟ್ಟೆಯೇ ಇಲ್ಲ. ಕಟ್ಟಬೇಕೋ ಬೇಡವೋ ಎಂದು 2025ರ ಏಪ್ರಿಲ್‌ನಲ್ಲಿ ಜನಮತ ಕೇಳಿದಾಗ ಅಲ್ಲಿಯವರು ಬೇಡವೆಂದೇ ಹೇಳಿದರು. ಹೀಗಾಗಿ ಹಡಗು ಸ್ವಲ್ಪ ದೂರದಲ್ಲಿ ನಿಲ್ಲುತ್ತದೆ, ಟೆಂಡರ್ ಎಂಬ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಮಂಡಿನೋವಿನವರಿಗೆ, ಕೋಲು ಹಿಡಿದು ನಡೆಯುವವರಿಗೆ ದಿನದ ಮೊದಲ ಪರೀಕ್ಷೆ ಇಲ್ಲೇ. ಅಲೆಯ ಮೇಲೆ ಏಳುತ್ತ ಇಳಿಯುತ್ತ ಇರುವ ದೋಣಿಗೆ ಕಾಲಿಡುವುದು ಎಲ್ಲರಿಗೂ ಸಲೀಸಲ್ಲ. ಕೈ ಹಿಡಿಯಲು ಸಿಬ್ಬಂದಿ ಇರುತ್ತಾರೆ. ಹಿಡಿಸಿಕೊಳ್ಳಲು ನಾಚಿಕೆ ಬೇಡ.

ದಡದಿಂದ ಬಸ್ಸು, ಬಸ್ಸಿನಿಂದ ಇನ್ನೊಂದು ದೋಣಿ. ಆ ದೋಣಿ ಹೊರಡುವುದು ದ್ವೀಪದ ಉತ್ತರಕ್ಕೆ ಬಾಯಿ ತೆರೆದಿರುವ ನಾರ್ತ್ ಸೌಂಡ್ ಎಂಬ ಆಳವಿಲ್ಲದ ಕೊಲ್ಲಿಯಲ್ಲಿ. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಹವಳದ ದಂಡೆ ಇದೆ, ಹೊರಗಿನ ಅಲೆ ಅಲ್ಲೇ ಒಡೆದು ಸುಸ್ತಾಗುತ್ತದೆ. ದಂಡೆಯ ಹೊರಗೆ ಸಮುದ್ರತಳ ಕಡಿದಾಗಿ ಇಳಿದುಬಿಡುತ್ತದೆ. ದ್ವೀಪದ ಪಕ್ಕದಲ್ಲೇ ಹಾದುಹೋಗುವ ಕೇಮನ್ ಕಂದಕದ ಆಳ ಕೆಲವೆಡೆ 7,000 ಮೀಟರಿಗೂ ಹೆಚ್ಚು. ದಂಡೆಯ ಒಳಗೆ ಮಾತ್ರ ಮರಳು, ಸೊಂಟದುದ್ದ ನೀರು.

ಸಮುದ್ರದಿಂದ ಮರಳಿದ ಮೀನುಗಾರರು ಹಿಂದೆ ಇಲ್ಲಿ, ಅಲೆಯಿಲ್ಲದ ನೀರಿನಲ್ಲಿ ದೋಣಿ ನಿಲ್ಲಿಸಿ ಮೀನು ಹೆಚ್ಚಿ ತೊಳೆಯುತ್ತಿದ್ದರು. ಕರುಳು, ತಲೆ, ಶಂಖದ ಹುಳುವಿನ ಚೂರುಪಾರು ಎಲ್ಲ ನೀರಿಗೆ ಬೀಳುತ್ತಿತ್ತು. ಆ ವಾಸನೆಗೆ ಸ್ಟಿಂಗ್‌ರೇಗಳು ಬರತೊಡಗಿದವು. ನಮ್ಮ ಕರಾವಳಿಯಲ್ಲಿ ತೊರಕೆ ಅನ್ನುತ್ತಾರಲ್ಲ, ಅದೇ ಕುಲದ ಮೀನು. ದೋಣಿಯ ಎಂಜಿನ್ ಸದ್ದು ಕೇಳಿದರೆ ಊಟ ಬಂತು ಅನ್ನುವುದನ್ನು ಅವು ಕಲಿತವು. 1980ರ ದಶಕದಲ್ಲಿ ಡೈವಿಂಗ್ ಮಾಡುವವರು ಕೈಯಲ್ಲೇ ತಿನ್ನಿಸಲು ಶುರುಮಾಡಿದರು, ಪತ್ರಿಕೆಗಳಲ್ಲಿ ಬಂತು, ಊರಿಗೆ ಊರೇ ಇದರ ಮೇಲೆ ವ್ಯಾಪಾರ ಕಟ್ಟಿತು. ಸ್ಟಿಂಗ್‌ರೇ ಸಿಟಿ ಎಂಬ ಹೆಸರಿನ ಜಾಗಗಳು ಅಲ್ಲಿ ಎರಡಿವೆ. ಒಂದು ಸುಮಾರು 12 ಅಡಿ ಆಳದ್ದು, ಡೈವಿಂಗ್ ಮಾಡುವವರಿಗೆ. ಇನ್ನೊಂದು ಮರಳದಿಬ್ಬ, 3ರಿಂದ 4 ಅಡಿ. ಈಜು ಬಾರದವರು ಹೋಗಬೇಕಾದ್ದು ಈ ಎರಡನೆಯದಕ್ಕೆ. ಹೆಸರು ಒಂದೇ ಇರುವುದರಿಂದ ಬುಕ್ ಮಾಡುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.

ನಾನು ಹೋದದ್ದು ನನ್ನ ಅಕ್ಕ, ಭಾವ ಮತ್ತು ಅವರ ಮಗನ ಜೊತೆ. ಅಕ್ಕನಿಗೆ ಈಜು ಬರುವುದಿಲ್ಲ. ಭಾವ ತೀರ್ಥಹಳ್ಳಿ ಕಡೆಯವರು, ತುಂಗೆಯಲ್ಲಿ ಈಜಿ ಬೆಳೆದವರು, ಅದನ್ನು ದೋಣಿಯಲ್ಲಿದ್ದ ಎಲ್ಲರಿಗೂ ತಿಳಿಸಿದ್ದರು. ದಿಬ್ಬದ ಮೇಲೆ ದೋಣಿ ಲಂಗರು ಹಾಕಿತು. ಹಿಂಭಾಗದ ಏಣಿಯ ಕೊನೆಯ ಮೆಟ್ಟಿಲಿನಲ್ಲಿ ಅಕ್ಕ ಕಂಬಿ ಹಿಡಿದು ನಿಂತುಬಿಟ್ಟಳು.

"ಅಮ್ಮಾ, ಇಳಿ. ಸೊಂಟದುದ್ದ ಅಷ್ಟೇ."

"ಯಾರ ಸೊಂಟ ಅದು? ನಿಂದೋ, ನಂದೋ?"

ಕೇಳಬೇಕಾದ ಪ್ರಶ್ನೆಯೇ. ಮಗ ಆರಡಿ, ಅಕ್ಕ ಐದಡಿಗಿಂತ ಒಂದಿಷ್ಟು ಕಡಿಮೆ. ಅವನ ಸೊಂಟದ ನೀರು ಅವಳ ಎದೆಗೆ ಬರುತ್ತದೆ, ಪಕ್ಕದ ದೋಣಿಯ ಅಲೆ ಬಂದರೆ ಕುತ್ತಿಗೆಗೆ. ಪ್ರವಾಸದ ಕರಪತ್ರಗಳಲ್ಲಿ ಬರುವ ಸೊಂಟವೆಲ್ಲ ಎತ್ತರದ ಅಮೆರಿಕನ್ನರ ಸೊಂಟ. ನಮ್ಮ ಹೆಂಗಸರು, ಮಕ್ಕಳು ಅಡಿಯ ಲೆಕ್ಕದಲ್ಲೇ ಕೇಳಬೇಕು. ಕೊನೆಗೆ ಗೈಡ್ ದೋಣಿಯನ್ನು ಸ್ವಲ್ಪ ಸರಿಸಿ, ಇನ್ನೂ ತೆಳುವಾದ ಕಡೆ ನಿಲ್ಲಿಸಿದ. ಅಕ್ಕ ಲೈಫ್ ಜಾಕೆಟ್ ಹಾಕಿಕೊಂಡೇ ಇಳಿದಳು. ನಿಲ್ಲುವ ನೀರಿಗೆ ಜಾಕೆಟ್ ಯಾಕೆ ಎಂದು ಯಾರೂ ನಗಲಿಲ್ಲ. ನಕ್ಕಿದ್ದರೂ ಅವಳು ಬಿಚ್ಚುತ್ತಿರಲಿಲ್ಲ.

ಇಳಿದ ಮೇಲೆ ಮೊದಲ ಪಾಠ, ಕಾಲೆತ್ತಿ ಹೆಜ್ಜೆ ಹಾಕಬಾರದು. ಮರಳಿನ ಮೇಲೆ ಪಾದ ಜಾರಿಸುತ್ತ, ಎಳೆಯುತ್ತ ನಡೆಯಬೇಕು. ತೊರಕೆಗೆ ಮರಳಿನಲ್ಲಿ ಹುದುಗಿ ಮಲಗುವ ಅಭ್ಯಾಸ. ಪಾದ ತಾಗಿದರೆ ಎದ್ದು ಹೋಗುತ್ತದೆ, ಮೈಮೇಲೆ ತುಳಿದರೆ ಬಾಲ ಬೀಸುತ್ತದೆ. ಬಾಲದಲ್ಲಿ ಗರಗಸದ ಹಲ್ಲಿರುವ ಮುಳ್ಳು, ಅದರಲ್ಲಿ ವಿಷ. ಅದು ಬೇಟೆಯ ಆಯುಧವಲ್ಲ, ತನ್ನನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ. ಚುಚ್ಚಿದರೆ ತಡೆಯುವಷ್ಟು ಬಿಸಿಯಾದ, ಅಂದರೆ 45 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಕಾಲಿಟ್ಟುಕೊಂಡಿರಬೇಕು. ಆ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ಆಮೇಲೆ ವೈದ್ಯರು ನೋಡಲೇಬೇಕು, ಮುಳ್ಳಿನ ತುಂಡು ಒಳಗೆ ಉಳಿದಿರಬಹುದು.

ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಸ್ಟೀವ್ ಇರ್ವಿನ್ ಹೆಸರು ಎತ್ತುತ್ತಾರೆ. ಟಿವಿಯಲ್ಲಿ ಮೊಸಳೆ ಹಿಡಿಯುತ್ತಿದ್ದ ಆ ಆಸ್ಟ್ರೇಲಿಯಾದವರು 2006ರ ಸೆಪ್ಟೆಂಬರ್ 4ರಂದು ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಚಿತ್ರೀಕರಣದ ವೇಳೆ ಸ್ಟಿಂಗ್‌ರೇಯ ಮುಳ್ಳು ಎದೆಗೆ ನಾಟಿ ತೀರಿಕೊಂಡರು. ಅದು ನಿಜ. ಆದರೆ ಅದು ಬೇರೆ ಜಾತಿಯ, ಭಾರಿ ಗಾತ್ರದ, ಮನುಷ್ಯರ ಒಡನಾಟವಿಲ್ಲದ ಮೀನು. ಅಂಥ ಸಾವು ಬಹಳ ಅಪರೂಪ. ಕೇಮನ್ನಿನ ದಿಬ್ಬದಲ್ಲಿ ಈಜು ಬಾರದವರಿಗೆ ಮೀನಿನಿಂದ ಬರುವ ಅಪಾಯ ಕಡಿಮೆ. ಅವರು ಹೆದರಬೇಕಾದ್ದು ಬೇರೆ ಕಡೆ, ಅಲ್ಲಿಗೆ ಈಗ ಬರುತ್ತೇನೆ.

ಅದಕ್ಕೆ ಮುಂಚೆ ಮೀನನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದಿಬ್ಬಕ್ಕೆ ಬರುವವು ಹೆಚ್ಚಿನವು ಹೆಣ್ಣು. ದೊಡ್ಡ ಹೆಣ್ಣಿನ ಅಗಲ ಒಂದೂವರೆ ಮೀಟರಿನವರೆಗೂ ಹೋಗುತ್ತದೆ. ಗಂಡು ಅದರ ಅರ್ಧದಷ್ಟೂ ಇರುವುದಿಲ್ಲ. ಬೆನ್ನು ಬೂದು ಕಂದು, ಹೊಟ್ಟೆ ಬಿಳಿ. ಹೊಟ್ಟೆಯನ್ನು ಮುಟ್ಟಿದರೆ ನುಣ್ಣಗೆ, ಬೆನ್ನಿನ ನಡುವೆ ಸಾಲಾಗಿ ಸಣ್ಣ ಮುಳ್ಳುಗಂಟು. ಕಣ್ಣು ಮೇಲೆ, ಬಾಯಿ ಕೆಳಗೆ. ಹಾಗಾಗಿ ತಾನು ತಿನ್ನುವುದೇನೆಂದು ಅದಕ್ಕೆ ಕಾಣುವುದಿಲ್ಲ. ವಾಸನೆಯಿಂದ, ಮತ್ತು ಜೀವಿಗಳ ಮೈಯಿಂದ ಹೊರಡುವ ಅತಿ ಸಣ್ಣ ವಿದ್ಯುತ್ತಿನಿಂದ ಪತ್ತೆಹಚ್ಚುತ್ತದೆ. ಸ್ಕ್ವಿಡ್ ತುಂಡನ್ನು ಚಪ್ಪಟೆ ಅಂಗೈಯಲ್ಲಿಟ್ಟು ಹೆಬ್ಬೆರಳು ಮಡಚಿಕೊಳ್ಳಬೇಕು. ಮೀನು ಕಚ್ಚುವುದಕ್ಕಿಂತ ಹೆಚ್ಚಾಗಿ ಎಳೆದುಕೊಳ್ಳುತ್ತದೆ. ಹೊರಗೆ ಹೆಬ್ಬೆರಳು ಚಾಚಿದ್ದರೆ ಅದೂ ಒಳಗೆ ಹೋದೀತು. ಮೀನಿಗೆ ಮುತ್ತು ಕೊಟ್ಟರೆ ಏಳು ವರ್ಷ ಅದೃಷ್ಟ ಎಂದು ಗೈಡ್‌ಗಳು ಹೇಳುತ್ತಾರೆ. ಶಾಸ್ತ್ರದ ಆಧಾರ ಯಾವುದೂ ಇಲ್ಲ, ಫೋಟೋ ಮಾರಾಟಕ್ಕೆ ಆಧಾರವಿದೆ. ಅಕ್ಕ ಸಸ್ಯಾಹಾರಿ. ಸ್ಕ್ವಿಡ್ ಮುಟ್ಟಲಿಲ್ಲ. ಬರಿಗೈ ನೀರಲ್ಲಿ ಇಳಿಬಿಟ್ಟಳು, ಮೀನು ಆ ಕೈಯನ್ನು ಸವರಿಕೊಂಡು ಹೋಯಿತು. "ಏನು ತಣ್ಣಗಿದೆಯೋ ಇದು!" ಅಂದಳು. ಅರ್ಧ ಗಂಟೆ ಕಳೆದರೂ ಮೇಲೆ ಬರಲು ಒಪ್ಪಲಿಲ್ಲ.

ಅಲ್ಲಿಗೆ ಮೊದಲ ನೀರು ಮುಗಿಯಿತು. ದೋಣಿ ಹೊರಟು ಹವಳದ ತೋಟದ ಬಳಿ ನಿಂತಿತು. ಇಲ್ಲಿ ಏಣಿಯ ಕೆಳಗೆ ನೆಲವಿಲ್ಲ. ಇದ್ದ ಕಡೆಯೂ ಹವಳದ ಮೇಲೆ ಕಾಲಿಡಬಾರದು. ಹವಳ ಕಲ್ಲಲ್ಲ, ಜೀವ. ಬೆರಳೆತ್ತರ ಬೆಳೆಯಲು ಅದಕ್ಕೆ ವರ್ಷಗಳೇ ಬೇಕು. 2020ರಿಂದ ಅಲ್ಲಿಯ ಹವಳಕ್ಕೆ ಮಾರಕ ರೋಗ ಬೇರೆ ಅಂಟಿಕೊಂಡಿದೆ. ಹೆದರಿದವರು ಮೊದಲು ಮಾಡುವ ಕೆಲಸವೇ ಕಾಲಿಗೆ ಸಿಕ್ಕಿದ್ದರ ಮೇಲೆ ನಿಲ್ಲುವುದು. ಹವಳಕ್ಕೂ ಪೆಟ್ಟು, ಪಾದಕ್ಕೂ ಗಾಯ.

ಈಜು ಬಾರದವರಿಗೆ ಇಲ್ಲಿ ಕೊಡುವುದು ಸ್ನಾರ್ಕೆಲ್ ವೆಸ್ಟ್. ಕುತ್ತಿಗೆಗೆ ಹಾಕಿಕೊಂಡು, ಪಟ್ಟಿ ಬಿಗಿದು, ನಳಿಗೆಯಿಂದ ಬಾಯಲ್ಲಿ ಗಾಳಿ ಊದುವ ತೆಳು ಅಂಗಿ. ಹಳ್ಳಿಯ ಬಾವಿಗಳಲ್ಲಿ ಈಜು ಕಲಿಸುವಾಗ ಹುಡುಗರ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಕೆಲಸ ಅದೇ. ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಭಾರ, ಹಾಗಾಗಿ ಸಮುದ್ರ ತಾನೂ ಒಂದಿಷ್ಟು ಎತ್ತಿಕೊಡುತ್ತದೆ. ದೋಣಿಯ ದಪ್ಪ ಲೈಫ್ ಜಾಕೆಟ್ ಬೇರೆ. ಅದನ್ನು ಮಾಡಿರುವುದೇ ಪ್ರಜ್ಞೆ ತಪ್ಪಿದರೂ ಮುಖ ಮೇಲಿರಲಿ ಎಂದು. ಅದನ್ನು ಹಾಕಿಕೊಂಡು ಕೆಳಗೆ ನೋಡಲು ಹೋದರೆ ಅದು ಅಂಗಾತ ಮಾಡಲು ನೋಡುತ್ತದೆ, ನೀವು ಬೋರಲಾಗಲು ಒದ್ದಾಡುತ್ತೀರಿ, ದಣಿಯುತ್ತೀರಿ. ಯಾವುದು ಕೊಟ್ಟಿದ್ದಾರೆಂದು ನೋಡಿ ಕೇಳಿ ಪಡೆಯಬೇಕು. ಒಳ್ಳೆಯ ಗೈಡ್ ಒಬ್ಬ ದೊಡ್ಡ ತೇಲುಬಳೆ ಎಳೆದುಕೊಂಡು ಹೋಗುತ್ತಾನೆ. ಈಜದವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರೆ ಸಾಕು, ಅವನು ಎಳೆದ ಕಡೆ ಮೈ ಹೋಗುತ್ತದೆ.

ಭಾವನಿಗೆ ವೆಸ್ಟ್ ಬೇಡವಾಯಿತು. ನೀರಿಗೆ ಧುಮುಕಿದರು, ಎರಡು ನಿಮಿಷದಲ್ಲಿ ಕೆಮ್ಮುತ್ತ ಏಣಿಗೆ ಬಂದರು. ಕಾರಣ ಒಂದು, ಮೀಸೆ. ಮಾಸ್ಕಿನ ರಬ್ಬರು ಮೇಲ್ದುಟಿಗೆ ಒತ್ತಿ ಕೂರಬೇಕು, ನಡುವೆ ಕೂದಲು ಬಂದರೆ ಸಂದಿಯಲ್ಲಿ ನೀರು ಹನಿಹನಿಯಾಗಿ ಒಳಬರುತ್ತದೆ. ಗೈಡ್ ಬೆರಳತುಂಬ ವ್ಯಾಸಲಿನ್ ತಂದು ಮೀಸೆಗೆ ಮೆತ್ತಿದ. ಮೀಸೆಯ ಘನತೆಯೊಂದಿಷ್ಟು ಹೋಯಿತು, ಸೋರುವುದು ನಿಂತಿತು. ಎರಡನೆಯ ಕಾರಣ ಮೀಸೆಗಿಂತ ದೊಡ್ಡದು. ಹೊಳೆಯಲ್ಲಿ ಈಜುವವರು ತಲೆಯೆತ್ತಿ ಈಜುತ್ತಾರೆ, ಉಸಿರು ಮೂಗಿನಿಂದಲೂ ನಡೆಯುತ್ತದೆ. ಇಲ್ಲಿ ಮೂಗು ಮುಚ್ಚಿದೆ, ಮುಖ ನೀರಿನಲ್ಲಿದೆ, ಬಾಯಲ್ಲಿ ಕೊಳವೆ ಕಚ್ಚಿಕೊಂಡು ಬಾಯಿಂದಲೇ ಉಸಿರಾಡಬೇಕು. ಕೈಕಾಲಿಗೆ ಈಜು ಬಂದರೂ ಉಸಿರಿಗೆ ಇದು ಹೊಸದು.

ಆ ಕೊಳವೆಯ ಲೆಕ್ಕವೂ ತಿಳಿದಿರಬೇಕು. ಹೊರಗೆ ಬಿಟ್ಟ ಉಸಿರಿನಲ್ಲಿ ಸ್ವಲ್ಪ ಕೊಳವೆಯೊಳಗೇ ಉಳಿಯುತ್ತದೆ, ಮುಂದಿನ ಉಸಿರಿಗೆ ಮೊದಲು ಬರುವುದು ಅದೇ ಹಳೆಯ ಗಾಳಿ. ನಿಧಾನವಾಗಿ, ಆಳವಾಗಿ ಉಸಿರಾಡಿದರೆ ಹೊಸ ಗಾಳಿ ಬೇಕಾದಷ್ಟು ಬರುತ್ತದೆ. ಗಾಬರಿಯಲ್ಲಿ ಬೇಗಬೇಗ ಮೇಲುಸಿರು ಬಿಟ್ಟರೆ ಹಳೆಯದೇ ಒಳಗೆ ಹೊರಗೆ ಓಡಾಡುತ್ತದೆ. ಆಗ ಉಸಿರು ಕಟ್ಟಿದಂತಾಗಿ ಗಾಬರಿ ಇನ್ನೂ ಹೆಚ್ಚುತ್ತದೆ. ಕೊಳವೆಗೆ ನೀರು ಬಂದರೆ ಫೂ ಎಂದು ಒಮ್ಮೆ ಜೋರಾಗಿ ಊದಿದರೆ ಆಯಿತು. ಇದನ್ನೆಲ್ಲ ಕಲಿಯುವ ಜಾಗ ಹವಳದ ತೋಟವಲ್ಲ, ಮೊದಲಿನ ಮರಳದಿಬ್ಬ. ಅಲ್ಲೇ ನಿಂತು, ಬಗ್ಗಿ, ಮುಖ ನೀರಿಗಿಟ್ಟು, ಮಾಸ್ಕು ಕೊಳವೆ ಹಿಡಿಸುತ್ತದೋ ಇಲ್ಲವೋ ನೋಡಿಕೊಳ್ಳಬಹುದು. ಬೇಡ ಅನ್ನಿಸಿದರೆ ನೆಟ್ಟಗೆ ನಿಂತರಾಯಿತು.

ಹೆದರಬೇಕಾದ್ದು ಬೇರೆ ಕಡೆ ಎಂದೆನಲ್ಲ, ಅದು ಈ ಉಸಿರಿನ ವಿಷಯವೇ. ಹವಾಯಿಯಲ್ಲಿ ಪ್ರವಾಸಿಗರು ಸಮುದ್ರದಲ್ಲಿ ಸಾಯುವುದು ಹೆಚ್ಚಾಗಿ ಸ್ನಾರ್ಕೆಲಿಂಗ್ ಮಾಡುವಾಗ. ಅಲ್ಲಿ ನಡೆದ ಅಧ್ಯಯನವೊಂದು ಕುತೂಹಲದ ವಿಷಯ ಹೇಳಿತು. ಹೀಗೆ ಸತ್ತವರೆಲ್ಲ ನೀರು ಕುಡಿದು ಮುಳುಗಿದವರಲ್ಲ. ಇಕ್ಕಟ್ಟಾದ ಕೊಳವೆಯಿಂದ ಕಷ್ಟಪಟ್ಟು ಉಸಿರೆಳೆಯುವುದು, ಜೊತೆಗೆ ದಣಿವು, ಮೊದಲೇ ಇರುವ ಹೃದಯದ ತೊಂದರೆ, ಇವೆಲ್ಲ ಸೇರಿ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳಬಹುದು. ಅಂಥವರು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಮುಖ ಕೆಳಗೆ ಹಾಕಿ ಸುಮ್ಮನೆ ತೇಲುತ್ತಿರುತ್ತಾರೆ, ನೋಡುವವರಿಗೆ ಮೀನು ನೋಡುತ್ತಿದ್ದಾರೆ ಅನ್ನಿಸುತ್ತದೆ. ಈಜು ಬರುವವರಿಗೂ ಇದು ಆಗುತ್ತದೆ. ನಮ್ಮ ಹಿರಿಯರಲ್ಲಿ ಬಿಪಿ ಮಾತ್ರೆ ನುಂಗದವರು ಎಷ್ಟು ಮಂದಿ? ಸ್ಟೆಂಟ್ ಹಾಕಿಸಿಕೊಂಡವರು ಎಷ್ಟು? ಅಂಥವರು ಹೊರಡುವ ಮುನ್ನ ವೈದ್ಯರನ್ನು ಕೇಳಬೇಕು. ನೀರಿನಲ್ಲಿ ಕಾರಣವಿಲ್ಲದೆ ಏದುಸಿರು ಬಂದರೆ ಕೊಳವೆ ಉಗಿದು, ಅಂಗಾತವಾಗಿ, ಕೈಯೆತ್ತಿ ಕರೆದು ಹೊರಗೆ ಬರಬೇಕು. ಒಬ್ಬರೇ ಇಳಿಯಬಾರದು. ಕಣ್ಣಿಟ್ಟಿರಲು ಜೊತೆಗೊಬ್ಬರು ಬೇಕು.

ಇನ್ನು ಸಂಕೋಚದ ವಿಷಯ. ದೋಣಿ ಹತ್ತುವಾಗ ಒಂದು ಫಾರಂ ಕೊಡುತ್ತಾರೆ. ಈಜು ಬರುತ್ತದೆಯೇ, ಹೃದಯದ ಕಾಯಿಲೆ ಇದೆಯೇ ಎಂಬ ಪ್ರಶ್ನೆಗಳು. ಹೆಚ್ಚಿನ ಮನೆಗಳಲ್ಲಿ ಅದನ್ನು ಮಗನೋ ಅಳಿಯನೋ ತುಂಬಿಬಿಡುತ್ತಾನೆ, ಅಮ್ಮನನ್ನು ಕೇಳುವುದೂ ಇಲ್ಲ. ನಿಜ ಬರೆದರೆ ದುಡ್ಡು ಹೋದೀತು, ಎಲ್ಲರ ಮೋಜು ಕೆಟ್ಟೀತು ಎಂಬ ಲೆಕ್ಕಾಚಾರ. ನನ್ನ ಪ್ರಕಾರ ಆ ದಿನ ಆಗುವ ಅನಾಹುತದ ಅರ್ಧ ಆ ಕಾಗದದಲ್ಲೇ ಶುರುವಾಗುತ್ತದೆ. ಈಜು ಬಾರದಿರುವುದು ನಮ್ಮಲ್ಲಿ, ಅದರಲ್ಲೂ ಹೆಂಗಸರಲ್ಲಿ, ಅವರ ತಪ್ಪಲ್ಲ. ಅಣ್ಣತಮ್ಮಂದಿರು ಬಾವಿಗೆ ಹಾರುತ್ತಿದ್ದಾಗ ಇವರಿಗೆ ಬಟ್ಟೆ ಒಗೆಯುವ ಕಲ್ಲು ಕೊಟ್ಟಿದ್ದೆವು. ದೋಣಿಯವನಿಗೆ ಬಾಯಿಬಿಟ್ಟು, ಎಲ್ಲರೆದುರು, ನನಗೆ ಈಜು ಬರುವುದಿಲ್ಲ ಎಂದರೆ ಅವನು ನಗುವುದಿಲ್ಲ. ಅವನ ಕಣ್ಣು ದಿನವಿಡೀ ನಿಮ್ಮ ಮೇಲಿರುತ್ತದೆ. ಹೇಳದಿದ್ದರೆ ನೀವು ಗುಂಪಿನಲ್ಲಿ ಇನ್ನೊಂದು ತಲೆ, ಅಷ್ಟೇ.

ಅಕ್ಕ ಎರಡನೆಯ ನೀರಿಗೆ ಇಳಿಯಲಿಲ್ಲ. ಮಗ ಬಹಳ ಪುಸಲಾಯಿಸಿದ. "ಅಷ್ಟು ದುಡ್ಡು ಕೊಟ್ಟಿದ್ದೀವಲ್ಲಮ್ಮ" ಅಂದ. "ಅರ್ಧ ದುಡ್ಡಿನದು ನೋಡಾಯ್ತಲ್ಲೋ, ಇನ್ನರ್ಧ ನಿಮ್ಮಪ್ಪ ನೋಡ್ಲಿ" ಅಂದಳು. ಚಾಲಕ ಅವಳ ಕೈಗೆ ತಳದಲ್ಲಿ ಗಾಜು ಕೂರಿಸಿದ ಹಳೆಯ ಮರದ ಡಬ್ಬಿ ಕೊಟ್ಟ. ಶಂಖ ಹುಡುಕಲು ಆ ಕಡೆಯ ಮೀನುಗಾರರು ಬಳಸುತ್ತಿದ್ದದ್ದು. ಅದನ್ನು ನೀರಿಗೆ ಒತ್ತಿ ಒಳಗೆ ಇಣುಕಿದರೆ ಮೇಲ್ಮೈಯ ಮಿಣುಗು ಅಡ್ಡ ಬರುವುದಿಲ್ಲ, ತಳ ನಿಚ್ಚಳ. ನೀಲಿ, ಹಳದಿ ಮೀನುಗಳನ್ನು ಅವಳು ನಮಗೇ ಬೆರಳು ಮಾಡಿ ತೋರಿಸಿದಳು. ಎಲ್ಲ ದೋಣಿಗಳಲ್ಲಿ ಇಂಥದ್ದು ಇರುವುದಿಲ್ಲ. ಇಳಿಯಲು ಮನಸ್ಸಿಲ್ಲದವರಿಗೆ ಜಾರ್ಜ್ ಟೌನ್‌ನಲ್ಲೇ 100 ಅಡಿ ಆಳಕ್ಕೆ ಕರೆದೊಯ್ಯುವ ಪ್ರವಾಸಿ ಸಬ್‌ಮರೀನ್ ಇದೆ, ತಲೆಕೂದಲು ನೆನೆಯದೆ ಹವಳ ನೋಡಬಹುದು.

ಕೇಮನ್ ದೂರದ ಮಾತಾಯಿತು ಅನ್ನುವವರಿಗೆ ನಮ್ಮ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ ಇದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರು ಸ್ಕೂಬಾ ಡೈವಿಂಗ್‌ಗೆ, ಸ್ನಾರ್ಕೆಲಿಂಗ್‌ಗೆ ಎಂದು ಬಸ್ಸು ತುಂಬ ಹೋಗುತ್ತಾರೆ. ಈಜು ಬೇಡ ಎಂಬ ಮಾತು ಅಲ್ಲೂ ಕೇಳುತ್ತದೆ. ಒಂದು ವ್ಯತ್ಯಾಸ ತಿಳಿದಿರಲಿ, ನೇತ್ರಾಣಿಯಲ್ಲಿ ಮರಳದಿಬ್ಬವಿಲ್ಲ. ದೋಣಿಯಿಂದ ಇಳಿದ ಕೂಡಲೇ ತಲೆ ಮುಳುಗುವ ನೀರು. ಅಂದರೆ ಅಲ್ಲಿ ಇರುವುದು ಬರಿಯ ಎರಡನೆಯ ನೀರು. ಸ್ಕೂಬಾ ಆದರೆ ತರಬೇತುದಾರ ಬೆನ್ನಿಗೇ ಅಂಟಿಕೊಂಡು ಹಿಡಿದಿರುತ್ತಾನೆ, ಸ್ನಾರ್ಕೆಲಿಂಗ್‌ನಲ್ಲಿ ಹಾಗಲ್ಲ.

ಮತ್ತೆ ಆ ಮೀನುಗಳ ಮಾತು. ತೊರಕೆ ತನ್ನ ಪಾಡಿಗಿದ್ದರೆ ರಾತ್ರಿ ಸಂಚರಿಸುವ, ಒಂಟಿಯಾಗಿ ಮೇಯುವ ಮೀನು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರವಾಸಿಗರು ತಿನ್ನಿಸುವ ದಿಬ್ಬದಲ್ಲಿ ಅವು ಹಗಲು ಎಚ್ಚರವಿದ್ದು ರಾತ್ರಿ ಸುಮ್ಮನಿರುತ್ತವೆ, ಸಣ್ಣ ಜಾಗದಲ್ಲಿ ಗುಂಪುಗೂಡುತ್ತವೆ ಎಂದು ತೋರಿಸಿತು. ನಾವು ಕೊಡುವ ಸ್ಕ್ವಿಡ್ ಅವುಗಳ ಸಹಜ ಊಟವೂ ಅಲ್ಲ. ದೋಣಿಗೆ ತಗುಲಿದ, ಒಂದನ್ನೊಂದು ಕಚ್ಚಿದ ಗಾಯ ಅವುಗಳ ಮೈಮೇಲೆ ಕಾಣುತ್ತದೆ. ಯೋಚಿಸಿದರೆ, ಈಜು ಬಾರದ ನಮ್ಮಂಥವರಿಗೆ ಕಾಲಿಗೆ ನೆಲ ಸಿಗುವ ಕಡೆ ಇಂಥ ಪ್ರಾಣಿ ಕಾಣುವುದು ಅದರ ಹಗಲು ರಾತ್ರಿಯನ್ನು ಬದಲಿಸಿದ್ದರಿಂದಲೇ. ಹಾಗೆಂದು ನಿಲ್ಲಿಸಿಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ಮೀನು ಸತ್ತು ಮಾರುಕಟ್ಟೆಗೆ ಬರುವುದಕ್ಕಿಂತ ಬದುಕಿ ದಿಬ್ಬದಲ್ಲಿದ್ದರೆ ದ್ವೀಪಕ್ಕೆ ಲಾಭ ಎಂದು ಅಲ್ಲಿಯವರಿಗೆ ಮನವರಿಕೆಯಾಗಿದೆ, 2013ರ ಕಾಯಿದೆ ಎಲ್ಲ ತೊರಕೆಗಳನ್ನೂ ರಕ್ಷಿತ ಪಟ್ಟಿಗೆ ಸೇರಿಸಿತು. ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ, ಫೋಟೋಗೆಂದು ನೀರಿನಿಂದ ಮೇಲಕ್ಕೆ ಎತ್ತುವಂತಿಲ್ಲ. ಆದರೂ ಎತ್ತಿ ತೋರಿಸುವ ಗೈಡ್‌ಗಳಿದ್ದಾರೆ, ಟಿಪ್ಸ್ ಆಸೆಗೆ. ನಿಮ್ಮ ದೋಣಿಯಲ್ಲಿ ಹಾಗಾದರೆ ಬೇಡ ಎನ್ನಿ. ಅವನು ಎತ್ತುವುದು ನಿಮಗಾಗಿಯೇ, ನೀವು ಬೇಡವೆಂದರೆ ಇಳಿಸುತ್ತಾನೆ.